ಏಳನೇ ಮಹಡಿಯ ಮೇಲಿನ ದೈತ್ಯ ಹಕ್ಕಿ

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಂಡಾಗ ದೊಡ್ಡ ಬೆಂಕಿಗಳ ಬಗ್ಗೆಯೇ ಕೇಳುತ್ತಾರೆ. ಗೋದಾಮು ಉರಿದದ್ದು, ಚಾಳಿನ ವಠಾರ ಕುಸಿದದ್ದು, ಸಿಲಿಂಡರು ಸಿಡಿದದ್ದು. ಅವನ್ನೆಲ್ಲ ತರಬೇತಿಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ನಾನು ಸೇರಿಸಬೇಕಾದದ್ದು ಹೆಚ್ಚೇನಿಲ್ಲ. ಹೇಳಿಕೊಡದೆ ಬಿಡುವ ಪಾಠ ಒಂದಿದೆ. ಮುಂಬಯಿಯಲ್ಲಿ ಬೆಂಕಿ ಆರಿಸುವವನು ಹಕ್ಕಿ ಹಿಡಿಯುವುದನ್ನೂ ಕಲಿಯಬೇಕು. ಗಾಳಿಪಟದ ಗಾಜುಪುಡಿ ಹಚ್ಚಿದ ಮಾಂಜಾ ದಾರಕ್ಕೆ ಸಿಕ್ಕ ಪಾರಿವಾಳ, ಕೇಬಲ್ಲಿಗೆ ತೂಗಿದ ಕಾಗೆ, ಬಿಸಿಲಿಗೆ ತಲೆ ತಿರುಗಿ ಬಾಲ್ಕನಿಯಲ್ಲಿ ಬಿದ್ದ ಹದ್ದು, ಎಲ್ಲಕ್ಕೂ ಜನ ನಮಗೇ ಫೋನು ಮಾಡುತ್ತಾರೆ. ಏಣಿ ಇರುವುದು ನಮ್ಮ ಹತ್ತಿರ ತಾನೆ.

ಬರುವ ಕರೆಗೆ ನಮ್ಮಲ್ಲಿ ‘ವರ್ದಿ’ ಎನ್ನುತ್ತಾರೆ. ಬೆಂಕಿಯ ವರ್ದಿಯಾದರೂ ಗುಬ್ಬಿಯ ವರ್ದಿಯಾದರೂ ಗಂಟೆ ಒಂದೇ, ಹೊರಡುವ ವೇಗವೂ ಒಂದೇ. ಬೆಳಿಗ್ಗೆ ಹಾಜರಿ, ಕವಾಯತು, ಆಮೇಲೆ ಗಾಡಿಯ ಸಾಮಾನನ್ನೆಲ್ಲ ಕೆಳಗಿಳಿಸಿ ಒರೆಸಿ ಆಯಾ ಜಾಗದಲ್ಲೇ ಇಡುವುದು. ಕತ್ತಲಲ್ಲಿ ಕೈ ಹಾಕಿದರೂ ಕೊಡಲಿ ಸಿಗುವ ಜಾಗದಲ್ಲಿ ಕೊಡಲಿಯೇ ಸಿಗಬೇಕು. ಈ ಶಿಸ್ತು ಮೈಗೆ ಹತ್ತಿದರೆ ಬಿಡುವುದಿಲ್ಲ. ನಿವೃತ್ತನಾದ ಮೇಲೂ ನಮ್ಮ ಮನೆಯಲ್ಲಿ ಚಪ್ಪಲಿಗಳು ಬಾಗಿಲ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಬಂದ ನೆಂಟರ ಚಪ್ಪಲಿಯನ್ನೂ ನಾನು ತಿರುಗಿಸಿಡುತ್ತೇನೆಂದು ಹೆಂಡತಿ ನಗುತ್ತಾಳೆ.

ನನ್ನ ಮೊದಲ ಠಾಣಾಧಿಕಾರಿ ಸಾವಂತ್ ಸಾಹೇಬರು. ಗಟ್ಟಿ ದನಿಯ, ಕಡಿಮೆ ಮಾತಿನ ಮರಾಠಿ ಮನುಷ್ಯ. ಎತ್ತರದ ಜಾಗದ ವರ್ದಿಗೆ ಹೋದರೆ ಏಣಿ ಎತ್ತುವ ಮೊದಲು ನಮ್ಮಲ್ಲಿ ಅತ್ಯಂತ ಹೊಸಬನನ್ನು ಮುಂದೆ ನಿಲ್ಲಿಸಿ ಕೇಳುತ್ತಿದ್ದರು: “ಎಷ್ಟು ದೊಡ್ಡದು?” ಅದಕ್ಕೆ ಪಕ್ಕದಲ್ಲಿರುವ ವಸ್ತುವಿನ ಅಳತೆಯಲ್ಲಿ ಉತ್ತರ ಕೊಡಬೇಕು. ಕಿಟಕಿಯ ಅರ್ಧ. ನೀರಿನ ಪೈಪಿನ ಎರಡರಷ್ಟು. ಪಕ್ಕದ ಕಾಗೆಗಿಂತ ಚಿಕ್ಕದು. “ಬಹಳ ದೊಡ್ಡದು ಸಾಹೇಬ್” ಎಂದರೆ ಸಂಜೆಯವರೆಗೆ ಹೋಸ್ ಪೈಪುಗಳನ್ನು ಬಿಚ್ಚಿ ಸುತ್ತುವ ಶಿಕ್ಷೆ. ಆಕಾಶದಲ್ಲಿ ಯಾರೂ ಅಳತೆಯ ಟೇಪು ಕಟ್ಟಿಲ್ಲ, ಹೆದರಿದವನ ಕಣ್ಣಿಗೆ ಪಾರಿವಾಳವೂ ಗರುಡನಾಗುತ್ತದೆ ಎಂದು ಅವರು ಹೇಳುತ್ತಿದ್ದರು.

ಆದರೆ ಅವರೇ ಇಲ್ಲದ ದಿನ ನಾವು ಒಂದು ಘನಕಾರ್ಯ ಮಾಡಿದೆವು. ಮಲಾಡಿನ ಒಂದು ಮಾರುಕಟ್ಟೆಯ ಪಕ್ಕದ ಕಟ್ಟಡದ ತುದಿಯಲ್ಲಿ ಭಾರಿ ಗರುಡವೊಂದು ಸಿಕ್ಕಿಕೊಂಡು ರೆಕ್ಕೆ ಬಡಿಯುತ್ತಿದೆ ಎಂದು ವರ್ದಿ. ಆಗ ನಮ್ಮ ತಂಡವನ್ನು ಮಲಾಡಿನ ಠಾಣೆಗೆ ಹೆಚ್ಚುವರಿಯಾಗಿ ಕಳಿಸಿದ್ದರು. ಹೋಗಿ ನೋಡಿದರೆ ಮೊಬೈಲ್ ಟವರಿನ ಬುಡದಲ್ಲಿ ಕಪ್ಪಗೆ ಏನೋ ಎದ್ದು ಬಿದ್ದು ಮಾಡುತ್ತಿದೆ. ಕೆಳಗೆ ಭಕ್ತರು ಸೇರಿದ್ದರು. ಒಬ್ಬಾಕೆ ಹೂವು ಹಿಡಿದು ನಿಂತಿದ್ದಳು. ಸಾಹೇಬರಿಲ್ಲ, ಅಳತೆ ಕೇಳುವವರಿಲ್ಲ. ಏಣಿ ಎತ್ತಿ, ಕೈಗವಸು ತೊಟ್ಟು, ಗೋಣಿಚೀಲ ಹಿಡಿದು, ಮೆಲ್ಲಮೆಲ್ಲನೆ ಏರಿ ನಮ್ಮ ಜಾಧವ್ ಅದರ ಮೇಲೆ ಬಿದ್ದು ತಬ್ಬಿಕೊಂಡ. ಕೆಳಗೆ ಚಪ್ಪಾಳೆ. ಸ್ವಲ್ಪ ಹೊತ್ತಿನ ನಂತರ ಮೇಲಿನಿಂದ ದನಿ ಬಂತು: “ತಾಡಪತ್ರಿ ಹೈ ರೇ!” ಮಳೆಗಾಲಕ್ಕೆ ಹೊದಿಸಿ ಬಿಟ್ಟಿದ್ದ ಹರಕು ಟಾರ್ಪಾಲು. ಮರುದಿನ ಸಾವಂತ್ ಸಾಹೇಬರು ಬೈಯಲಿಲ್ಲ. ಊಟದ ಹೊತ್ತಿಗೆ ಜಾಧವನ ತಟ್ಟೆಯ ಪಕ್ಕದಲ್ಲಿ ಕಾಳು ತುಂಬಿದ ಒಂದು ಬಟ್ಟಲು ಇಟ್ಟು, “ನಿನ್ನ ಗರುಡಕ್ಕೆ ಹಾಕು” ಎಂದರು. ಜಾಧವ್ ನಿವೃತ್ತನಾಗುವವರೆಗೂ ಎಲ್ಲರಿಗೂ ಗರುಡನೇ ಆಗಿ ಉಳಿದ.

ಆಗಿನ ವಿಧಾನಗಳನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಉದ್ದನೆಯ ಬಿದಿರಿಗೆ ಕುಡುಗೋಲು ಕಟ್ಟಿ ದಾರ ಕೊಯ್ಯುತ್ತಿದ್ದೆವು. ಹಕ್ಕಿ ಬಿದ್ದರೆ ಗೋಣಿಯಲ್ಲಿ ಹಿಡಿಯುವುದು, ದಾರ ಕಿತ್ತು ಅಲ್ಲಿಯೇ ಹಾರಿಸಿಬಿಡುವುದು. ಜನ ಜೈ ಎನ್ನುತ್ತಿದ್ದರು, ನಾವೂ ಉಬ್ಬಿ ಹೋಗುತ್ತಿದ್ದೆವು. ಆಮೇಲೆ ಪಶುವೈದ್ಯರು ಬಂದು ತೋರಿಸಿದರು. ದಾರ ಸ್ನಾಯುವನ್ನು ಕೊಯ್ದಿರುತ್ತದೆ, ಹಾರಿದ ಹಕ್ಕಿ ಮುಂದಿನ ಓಣಿಯಲ್ಲಿ ಬಿದ್ದು ಸಾಯುತ್ತದೆ. ಅಂದಿನಿಂದ ಗೋಣಿಯ ಬದಲು ಬಲೆ ಮತ್ತು ಮೆತ್ತನೆಯ ಟವೆಲು ಬಂದವು, ಗಾಳಿ ಆಡುವ ಪೆಟ್ಟಿಗೆ ಬಂತು. ಸಂಕ್ರಾಂತಿಯ ವಾರದಲ್ಲಿ ಪೆಟ್ಟಿಗೆಗಳು ಗಾಡಿಯಲ್ಲೇ ಇರುತ್ತಿದ್ದವು. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಹದ್ದುಗಳಿಗೆ ನೀರನ್ನು ಮಂಜಿನಂತೆ ಸಿಂಪಡಿಸಿ ನೆರಳಲ್ಲಿ ಇಡುವ ಉಪಚಾರವನ್ನೂ ಕಲಿತೆವು. ಇದನ್ನು ನೆನಪಿಡಿ, ಈ ಉಪಚಾರವೇ ಮುಂದೆ ನಮ್ಮನ್ನು ಪೇಚಿಗೆ ಸಿಕ್ಕಿಸಿತು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ನಾನು ಪೂರ್ವ ಉಪನಗರದ ಒಂದು ಠಾಣೆಯನ್ನು ನೋಡಿಕೊಳ್ಳುತ್ತಿದ್ದಾಗ, ಸಂದೇಶ್ ಎಂಬ ಹುಡುಗ ಬಂದು ಸೇರಿದ. ಬೊರಿವಲಿಯಲ್ಲಿ ಹುಟ್ಟಿ ಬೆಳೆದವನು, ಅಪ್ಪ ಅಮ್ಮ ಮಂಗಳೂರು ಕಡೆಯವರು. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವಾಗ ಹಿಂದಿಯ ಊರುಗೋಲು ಬೇಕಿತ್ತು. ಮೈಯಲ್ಲಿ ಬಲ, ತಲೆಯಲ್ಲಿ ಹಕ್ಕಿ. ಅಳಿದು ಹೋದ ದೈತ್ಯ ಬೇಟೆಹಕ್ಕಿಗಳ ವಿಡಿಯೊಗಳನ್ನು ನೋಡಿ ನೋಡಿ, ಅವು ಎಲ್ಲೋ ಇನ್ನೂ ಬದುಕಿವೆ ಎಂದು ಅವನು ನಂಬಿಬಿಟ್ಟಿದ್ದ. ಚಹಾದ ಹೊತ್ತಿಗೆ ಅದೇ ಚರ್ಚೆ.

“ಸರ್, ನ್ಯೂಜಿಲೆಂಡಲ್ಲಿ ಒಂದು ಈಗಲ್ ಇತ್ತು. ಮನುಷ್ಯನಿಗಿಂತ ಹೈಟ್ ಇದ್ದ ಪಕ್ಷಿಗಳನ್ನೇ ಹೊಡೆದು ತಿಂತಿತ್ತು. ಅರ್ಜೆಂಟೀನಾದ್ದು ಇನ್ನೂ ದೊಡ್ಡದು. ರೆಕ್ಕೆ ಓಪನ್ ಮಾಡಿದ್ರೆ ಹೆಚ್ಚುಕಡಿಮೆ ನಮ್ಮ ಗಾಡಿ ಉದ್ದ!”

“ಇತ್ತು ಎಂದೆಯಲ್ಲ. ಎಲುಬು ಸಿಕ್ಕಿದೆ, ಒಪ್ಪಿದೆ. ಈಗ ಇದೆ ಎನ್ನುವುದಕ್ಕೆ ಏನಿದೆ?”

“ಕಿತ್ನೇ ಲೋಗೋಂ ನೇ ದೇಖಾ ಹೈ, ಸರ್. ಅಷ್ಟು ಜನ ನೋಡಿದ್ದೇವೆ ಅಂತ ಸುಳ್ಳು ಹೇಳ್ತಾರಾ?”

“ಸುಳ್ಳು ಯಾರು ಹೇಳಿದರು? ಜಾಧವನೂ ಸುಳ್ಳು ಹೇಳಿರಲಿಲ್ಲ.”

ನಾನು ತಮಾಷೆ ಮಾಡಿದರೂ ವಿಷಯವನ್ನು ಹಗುರವಾಗಿ ಬಿಟ್ಟಿರಲಿಲ್ಲ. ಓದಿ ನೋಡಿದ್ದೆ, ಯೋಚಿಸಿದ್ದೆ. ನ್ಯೂಜಿಲೆಂಡಿನ ಆ ಹದ್ದು ಬದುಕಿದ್ದು ಹಾರಲಾರದ ದೊಡ್ಡ ಹಕ್ಕಿಗಳನ್ನು ತಿಂದು. ಮನುಷ್ಯರು ಆ ದ್ವೀಪಕ್ಕೆ ಬಂದು ಅವನ್ನೆಲ್ಲ ತಾವೇ ತಿಂದು ಮುಗಿಸಿದರು, ಹದ್ದೂ ಹೋಯಿತು. ದೊಡ್ಡ ಹಕ್ಕಿಗೆ ದೊಡ್ಡ ಊಟ ಬೇಕು. ಸಂದೇಶನಿಗೆ ಇದನ್ನು ಹೇಳಿದಾಗ ಅವನು, “ಮುಂಬಯಿಯಲ್ಲಿ ಬೀದಿನಾಯಿಗೆ ಏನು ಕಮ್ಮಿ ಸರ್?” ಎಂದ. “ಹಾಗಾದರೆ ನಾಯಿ ಕಡಿಮೆಯಾಗಿವೆ ಎಂದು ಯಾರಾದರೂ ಸಂತೋಷದಿಂದ ಫೋನು ಮಾಡಬೇಕಿತ್ತಲ್ಲಪ್ಪ” ಎಂದೆ. ಇಡೀ ಠಾಣೆ ನಕ್ಕಿತು.

ಇನ್ನೊಂದು ಮಾತು. ಒಂದೇ ಹಕ್ಕಿ ಸಾವಿರಾರು ವರ್ಷ ಬದುಕುವುದಿಲ್ಲ. ಅದಕ್ಕೆ ತಂದೆ ತಾಯಿ ಬೇಕು, ಅಜ್ಜ ಅಜ್ಜಿ ಬೇಕು, ಗೂಡು ಬೇಕು, ಒಂದು ಸಮುದಾಯವೇ ಬೇಕು. ಅಷ್ಟೂ ಹಕ್ಕಿಗಳು ಸತ್ತಾಗ ಒಂದಾದರೂ ಹೆಣ, ಒಂದಾದರೂ ಗರಿ ಯಾರ ಕೈಗೂ ಸಿಗದೆ ಹೋಗುವುದುಂಟೇ? ನಾನು ಉದ್ಯೋಗವಿಡೀ ಜನರ ಫೋನುಗಳ ನಡುವೆ ಕಳೆದವನು. ಒಂದು ಗೂಬೆ ಹಗಲಲ್ಲಿ ಕಂಬದ ಮೇಲೆ ಕೂತರೆ ಆ ಬೀದಿಯ ಪ್ರತಿಯೊಂದು ಮನೆಯಿಂದಲೂ ವರ್ದಿ ಬರುತ್ತದೆ. ಗಾಡಿಯಷ್ಟು ಉದ್ದದ ಹಕ್ಕಿ ಗುಟ್ಟಾಗಿ ಸಂಸಾರ ಮಾಡಿಕೊಂಡಿರಲು ಸಾಧ್ಯವಿಲ್ಲ. ಸಂದೇಶ್ ಒಪ್ಪಲಿಲ್ಲ. “ಒಂದು ದಿನ ವರ್ದಿ ಬರ್ತದೆ ಸರ್, ಆಗ ನೀವೇ ನೋಡ್ತೀರಿ” ಎಂದ.

ವರ್ದಿ ಬಂತು.

ಜನವರಿಯ ಒಂದು ಬೆಳಿಗ್ಗೆ, ಚೆಂಬೂರಿನ ಒಂದು ಹೌಸಿಂಗ್ ಸೊಸೈಟಿಯಿಂದ. ನಿಯಂತ್ರಣ ಕೊಠಡಿಯವನ ದನಿಯಲ್ಲೇ ಗಾಬರಿಯಿತ್ತು: ಭಾರಿ ಹಕ್ಕಿ, ಮಗುವನ್ನು ಎತ್ತಿಕೊಂಡು ಹೋಗಲು ಬಂದಿತ್ತು, ಈಗ ಏಳನೇ ಮಹಡಿಯ ತಾರಸಿಯಲ್ಲಿ ಕೂತಿದೆ. ದಾರಿಯಲ್ಲಿ ಸಂದೇಶ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶವನ್ನೇ ನೋಡುತ್ತಿದ್ದ. ಅವನ ಮುಖ ಮದುವೆಗೆ ಹೊರಟವನಂತಿತ್ತು.

ಇಳಿದರೆ ಗೇಟಿನ ತನಕ ಜನ. ಎಲ್ಲರ ಮೊಬೈಲೂ ಆಕಾಶಕ್ಕೆ. ಒಬ್ಬ ರಿಕ್ಷಾದಷ್ಟಿದೆ ಎಂದ, ಇನ್ನೊಬ್ಬ ಇದು ಲಕ್ಷಾಂತರ ವರ್ಷ ಹಿಂದಿನ ಹಕ್ಕಿ, ಇಂಟರ್ನೆಟ್ಟಿನಲ್ಲಿ ಫೋಟೊ ಇದೆ ಎಂದ. ತಲೆಯೆತ್ತಿ ನೋಡಿದೆ. ಬಿಸಿಲು ಎದುರಿಗಿತ್ತು, ತಾರಸಿಯ ಕಟ್ಟೆಯ ಮೇಲೆ ಒಂದು ಕಪ್ಪು ಗುಡ್ಡೆ ಮಾತ್ರ ಕಂಡಿತು. ಸೊಸೈಟಿಯ ಕಾರ್ಯದರ್ಶಿ ಶೆಟ್ಟರು ಧಾವಿಸಿ ಬಂದರು. ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಹೋಟೆಲು, ನನಗೆ ಹಳೆಯ ಪರಿಚಯ.

“ಬಂದಿರಾ ಭಂಡಾರಿಯವರೇ! ಬೇಗ ಎಂತಾದರೂ ಮಾಡಿ ಮಾರಾಯ್ರೆ. ಮೇಲೆ ಆ ಕೆಲಸದವರು ಸಲಾಕೆ ಹಿಡಿದು ಹೋಗಿದ್ದಾರೆ. ಕೊಂದೇ ಹಾಕ್ತೇವೆ ಹೇಳ್ತಾರೆ. ಕೊಂದರೆ ಪೊಲೀಸು ಕೇಸು ನನ್ನ ತಲೆಗೆ, ಕೊಲ್ಲದಿದ್ದರೆ ಮಕ್ಕಳ ತಾಯಂದಿರು ನನ್ನ ತಲೆಗೆ!”

“ಮಗು ಎಲ್ಲಿ?”

ಪಕ್ಕದ ಪ್ಲಾಟಿನಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಉಸುಕಿನ ರಾಶಿಯ ಹತ್ತಿರ ಕಲಬುರಗಿ ಕಡೆಯ ಹೆಂಗಸೊಬ್ಬಳು ಮಗುವನ್ನು ಸೆರಗಿನಲ್ಲಿ ಪೂರ್ತಿ ಮುಚ್ಚಿಕೊಂಡು ಕೂತಿದ್ದಳು. ಹೆಸರು ಶಾಂತವ್ವ. ಮಗುವಿಗೆ ಏನೂ ಆಗಿರಲಿಲ್ಲ.

“ಕೂಸು ಜೋಳಿಗ್ಯಾಗ ಮಲಗಿತ್ರೀ ಸಾಹೇಬ್ರ. ನಾ ಇಲ್ಲೇ ಕುಂತು ಉಸುಕ ಸೋಸಾಕತ್ತಿದ್ದೆ. ಧಪ್ ಅಂತ ಬಿತ್ತು ನೋಡ್ರಿ ಬಾಜೂಕ. ತಿರುಗಿ ನೋಡಿದ್ರ ಕುಂತ ನನ್ನಷ್ಟ ಎತ್ತರ! ನಾ ಚೀರಿದ್ನಿ, ಆ ಕಡಿ ಗ್ವಾಡಿ ಮ್ಯಾಲ ಹತ್ತಿ, ಅಲ್ಲಿಂದ ಮ್ಯಾಲ ಹೋತು. ಅವ್ರ ಅಪ್ಪ ಸಲಾಕಿ ತಗೊಂಡು ಹೋಗ್ಯಾನ. ಬಿಡ್ಬ್ಯಾಡ್ರಿ ಅದನ್ನ. ನಾಳಿ ಮತ್ತ ಬರತೈತಿ.”

ಇಡೀ ಜನಜಂಗುಳಿಯಲ್ಲಿ ಕೆಲಸಕ್ಕೆ ಬರುವ ಅಳತೆ ಕೊಟ್ಟವಳು ಅವಳೊಬ್ಬಳೇ. ಕುಳಿತ ಹೆಂಗಸಿನಷ್ಟು ಎತ್ತರ. ಅದು ಹದ್ದಲ್ಲ. ಹದ್ದು ಅವಳ ಮೊಣಕಾಲಿಗೂ ಬರುವುದಿಲ್ಲ. ಏಣಿಗಾಡಿಯನ್ನು ಕಟ್ಟಡದ ರಸ್ತೆ ಬದಿಗೆ ನಿಲ್ಲಿಸಲು ಹೇಳಿ, ಸಂದೇಶ್ ಮತ್ತು ಇನ್ನಿಬ್ಬರೊಂದಿಗೆ ಮೇಲಕ್ಕೆ ಹೊರಟೆ.

ತಾರಸಿಯ ಬಾಗಿಲಲ್ಲೇ ಕೂಲಿಯವರ ಗುಂಪು. ಮುಂದೆ ಶಾಂತವ್ವನ ಗಂಡ ಭೀಮಪ್ಪ, ಕೈಯಲ್ಲಿ ಕಬ್ಬಿಣದ ಸಲಾಕೆ. ಅವನಾಚೆ, ಕಟ್ಟೆಯ ಮೇಲೆ, ಹಕ್ಕಿ. ಈಗ ಬೆಳಕು ಸರಿಯಾಗಿ ಬಿದ್ದಿತ್ತು. ಕಂದು ಮೈ, ಉದ್ದ ಕತ್ತು, ಕತ್ತಿನ ತುಂಬ ಗರಿಯಿಲ್ಲದೆ ಬಿಳಿಯ ನವಿರು ರೋಮ, ಭುಜದ ಸುತ್ತ ಕಾಲರಿನಂಥ ಗರಿಯ ಪಟ್ಟಿ. ತಲೆ ತಗ್ಗಿಸಿಕೊಂಡು ಕೂತಿತ್ತು.

ನನಗೆ ಗೊತ್ತಾಗಿಹೋಯಿತು. ನಾನು ಚೆಂಬೂರಿನಲ್ಲಿಯೇ ಬೆಳೆದವನು. ಚಿಕ್ಕವನಿದ್ದಾಗ ದೇವನಾರಿನ ಕಡೆ ಸತ್ತ ದನ ಬಿದ್ದರೆ ಇಂಥವು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಶಾಲೆಗೆ ಹೋಗುವಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ರಣಹದ್ದು. ಇದು ನಾವು ಕಂಡವುಗಳಿಗಿಂತ ದೊಡ್ಡದು, ಬೇರೆ ಜಾತಿಯದು, ಆದರೆ ಅದೇ ಕುಲ. ದನಗಳಿಗೆ ಕೊಡುತ್ತಿದ್ದ ಒಂದು ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಹೋಗಿ ಆ ಹಿಂಡುಗಳೆಲ್ಲ ಕಣ್ಣೆದುರಿಗೇ ಮಾಯವಾದವು. ಕೆಳಗೆ ನಿಂತಿದ್ದ ಯುವಕರಲ್ಲಿ ಒಬ್ಬನೂ ರಣಹದ್ದನ್ನು ಕಂಡಿರಲಿಲ್ಲ. ನಮ್ಮ ಊರು ಒಂದು ಹಕ್ಕಿಯನ್ನು ಎಷ್ಟರ ಮಟ್ಟಿಗೆ ಮರೆತಿತ್ತೆಂದರೆ, ಅದು ಮನೆ ಬಾಗಿಲಿಗೆ ಬಂದಾಗ ಲಕ್ಷಾಂತರ ವರ್ಷ ಹಿಂದಿನದು ಎಂದುಕೊಂಡಿತು.

“ಭೀಮಪ್ಪ, ಇದು ರಣಹದ್ದು. ಸತ್ತದ್ದನ್ನು ಮಾತ್ರ ತಿನ್ನುತ್ತದೆ. ಬದುಕಿದ ಮಗುವನ್ನು ಎತ್ತುವುದಿಲ್ಲ.”

“ನೀವ್ ಹಂಗಂತೀರಿ. ನಾಳಿ ಮತ್ತ ಬಂದ್ರ ನೀವ್ ಬರ್ತೀರೇನ್ರಿ ನನ್ ಕೂಸಿನ್ ಕಾಯಾಕ? ಡೂಟಿ ಮುಗೀತಂದ್ರ ನೀವ್ ಮನಿಗಿ, ನಾವ್ ಇಲ್ಲೇ ತಗಡಿನ್ಯಾಗ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಉಪದೇಶದಿಂದ ತಂದೆಯ ಭಯ ಇಳಿಯುವುದಿಲ್ಲ. “ಒಂದು ಕೆಲಸ ಮಾಡೋಣ. ಇದನ್ನು ನಾನು ಜೀವಂತ ಕೆಳಗಿಳಿಸುತ್ತೇನೆ. ಇದರ ಕಾಲನ್ನು ನಿನ್ನ ಕೈಗೆ ಕೊಡುತ್ತೇನೆ. ಆ ಕಾಲಿನಿಂದ ಮಗುವನ್ನು ಎತ್ತಬಹುದು ಎಂದು ನಿನಗೆ ಅನಿಸಿದರೆ, ಆಮೇಲೆ ನಿನ್ನ ಸಲಾಕೆಗೆ ನಾನು ಅಡ್ಡ ಬರುವುದಿಲ್ಲ.”

ಈ ಮಾತು ನಿಯಮಕ್ಕೆ ಸರಿಯೋ ಎಂದು ಕೇಳಬೇಡಿ. ಆ ಹಕ್ಕಿಯ ಜೀವ ಆಗ ಆ ಒಂದು ಮಾತಿನ ಮೇಲೆ ನಿಂತಿತ್ತು. ಭೀಮಪ್ಪ ಸಲಾಕೆಯನ್ನು ಕೆಳಗಿಡಲಿಲ್ಲ, ಆದರೆ ಒಂದು ಹೆಜ್ಜೆ ಹಿಂದೆ ಸರಿದ.

ನಾನು ಅವನೊಂದಿಗೆ ಮಾತಾಡುತ್ತಿದ್ದಾಗಲೇ ಎಡವಟ್ಟಾಯಿತು. ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದುದನ್ನು ಸಂದೇಶ್ ನೋಡಿದ. ಬಿಸಿಲಿಗೆ ಬಿದ್ದ ಹದ್ದಿಗೆ ನೀರು ಸಿಂಪಡಿಸಬೇಕು ಎಂದು ಕಲಿಸಿದವರು ನಾವೇ. ತಾರಸಿಯಲ್ಲಿದ್ದ ಹೋಸ್ ಪೈಪನ್ನು ಎಳೆದು, ನಳಿಕೆ ತಿರುಗಿಸಿ, ಬಹಳ ಪ್ರೀತಿಯಿಂದ ಹಕ್ಕಿಯ ಮೈಮೇಲೆಲ್ಲ ಮಂಜಿನಂತೆ ನೀರು ಬಿಟ್ಟ. ನಾನು ತಿರುಗಿ ನೋಡುವಷ್ಟರಲ್ಲಿ ಹಕ್ಕಿ ತೊಪ್ಪೆಯಾಗಿತ್ತು.

“ಬಂದ್ ಕರ್!” ಎಂದು ಕೂಗಿದೆ.

“ಸರ್, ಡೀಹೈಡ್ರೇಶನ್...”

“ಅದು ಬೇಸಿಗೆಗೆ, ನೆಲದ ಮೇಲೆ ಬಿದ್ದ ಹಕ್ಕಿಗೆ! ಇದು ಏಳನೇ ಮಹಡಿಯ ಅಂಚಿನಲ್ಲಿದೆ. ಒದ್ದೆ ರೆಕ್ಕೆಯಲ್ಲಿ ಹಾರಲು ಹೋದರೆ ಕಲ್ಲಿನಂತೆ ಬೀಳುತ್ತದೆ.”

ಹುಡುಗ ಗಡಬಡಿಸಿ ನಳಿಕೆ ಮುಚ್ಚಿದ. ಹೆದರಿದ ಹಕ್ಕಿ ಕಟ್ಟೆಯ ಇನ್ನೂ ಅಂಚಿಗೆ ಸರಿಯಿತು. ಕೆಳಗೆ ಜನ ಓ ಎಂದರು. ನಾವು ಯಾರೂ ಅಲುಗಲಿಲ್ಲ.

ಆಗ ಅದು ಬಿಸಿಲಿಗೆ ಬೆನ್ನು ಮಾಡಿ, ಒಣಗಿಸಿಕೊಳ್ಳಲು ರೆಕ್ಕೆಗಳನ್ನು ಬಿಚ್ಚಿತು.

ಇಂಥದ್ದನ್ನು ನಾನು ನನ್ನ ಸೇವೆಯಲ್ಲಿ ಮತ್ತೆ ಕಂಡಿಲ್ಲ. ಒಂದು ರೆಕ್ಕೆ ಬಿಚ್ಚುತ್ತಲೇ ಹೋಯಿತು, ಮುಗಿಯಿತು ಎನ್ನುವಾಗ ಇನ್ನೂ ಒಂದು ಮಡಿಕೆ ತೆರೆಯಿತು. ತುದಿಯ ಗರಿಗಳು ಬೆರಳುಗಳಂತೆ ಬೇರೆಬೇರೆಯಾದವು. ಭೀಮಪ್ಪನ ಬಾಯಿ ತೆರೆದೇ ಇತ್ತು. ಸಂದೇಶ್ ನನ್ನ ತೋಳು ಹಿಡಿದು ಪಿಸುಗುಟ್ಟಿದ: “ಸರ್... ವಹೀ ಹೈ. ಅದೇ ಸರ್, ಅದೇ.”

“ಎಷ್ಟು ದೊಡ್ಡದು?” ಎಂದೆ.

“ಬಹಳ...” ಎಂದವನು ತಡೆದ. ನುಂಗಿಕೊಂಡ. ಹಕ್ಕಿಯ ಹಿಂದಿದ್ದ ನೀರಿನ ಟ್ಯಾಂಕಿನ ಗೋಡೆಯನ್ನು ಕಣ್ಣಿನಲ್ಲೇ ಅಳೆದ. “ಟ್ಯಾಂಕಿನ ಗೋಡೆಯಷ್ಟು, ಸರ್. ಈ ಮೂಲೆಯಿಂದ ಆ ಮೂಲೆ. ಒಂದು ಗೇಣು ಕಮ್ಮಿ.”

“ಗೋಡೆ ಎಷ್ಟು?”

“ಹತ್ತು ಫೂಟ್.”

“ನಿನ್ನ ಅರ್ಜೆಂಟೀನಾದ್ದರ ಅರ್ಧವೂ ಇಲ್ಲ. ಆದರೂ ನೋಡು, ಬದುಕಿದೆ. ಈಗ ಇದನ್ನು ಬದುಕಿಸುವುದು ನಿನ್ನ ಕೆಲಸ.”

ಹಕ್ಕಿ ಹಿಡಿಯುವುದರಲ್ಲಿ ಒಂದು ಸೂತ್ರವಿದೆ. ಅದು ಮನುಷ್ಯನಿಂದ ದೂರಕ್ಕೆ ಹೋಗುತ್ತದೆ. ನಾವು ತಾರಸಿಯ ಒಳಗಿನಿಂದ ಹತ್ತಿರ ಹೋದರೆ ಅದು ಹೊರಕ್ಕೆ ಜಿಗಿಯುತ್ತದೆ. ಹೊರಗಿನಿಂದ ಬಂದರೆ ಒಳಕ್ಕೆ ಇಳಿಯುತ್ತದೆ. ಹೊರಗೆ ಗಾಳಿಯಲ್ಲಿ ನಿಲ್ಲುವುದು ಹೇಗೆ? ಅದಕ್ಕೇ ಏಣಿಗಾಡಿ. ಸಂದೇಶನನ್ನು ಕೆಳಗೆ ಕಳಿಸಿದೆ. ಏಣಿಯ ತುದಿಯ ತೊಟ್ಟಿಲಿನಲ್ಲಿ ಬೆಲ್ಟು ಕಟ್ಟಿಕೊಂಡು ನಿಂತ. ಸೈರನ್ ಇಲ್ಲ, ಕೂಗಾಟ ಇಲ್ಲ, ಕೈಸನ್ನೆ ಮಾತ್ರ. ಕೆಳಗೆ ಶೆಟ್ಟರು ಗುಂಪನ್ನು ಸುಮ್ಮನಾಗಿಸುತ್ತಿದ್ದುದು ನನಗೆ ಮೇಲಿನಿಂದಲೇ ಕೇಳಿಸುತ್ತಿತ್ತು: “ಬಾಯಿ ಮುಚ್ಚಿ ಮಾರಾಯ್ರೆ, ಇದು ಕ್ರಿಕೆಟ್ ಮ್ಯಾಚ್ ಅಲ್ಲ!” ನಾವು ಮೂವರು ನೀರಿನ ಟ್ಯಾಂಕಿನ ಮರೆಯಲ್ಲಿ ಗಾಡಿಯಿಂದ ತರಿಸಿದ ತಾಡಪತ್ರಿಯ ಮೂಲೆಗಳನ್ನು ಹಿಡಿದು ಕೂತೆವು. ನಾಲ್ಕನೇ ಮೂಲೆಗೆ ಜನ ಸಾಲಲಿಲ್ಲ. ಹಿಂದೆ ತಿರುಗಿ ನೋಡಿದೆ.

“ಏನ್ ನೋಡ್ತೀರಿ, ಕೊಡ್ರಿ ಇತ್ತ” ಎಂದು ಭೀಮಪ್ಪ ಸಲಾಕೆಯನ್ನು ಗೋಡೆಗೆ ಒರಗಿಸಿ ಮೂಲೆ ಹಿಡಿದ.

ಕಟ್ಟೆಯಾಚೆ ಸಂದೇಶನ ಹಳದಿ ಹೆಲ್ಮೆಟ್ಟು ನಿಧಾನವಾಗಿ ಮೇಲೆದ್ದಿತು. ಹಕ್ಕಿ ಕತ್ತು ತಿರುಗಿಸಿತು. ರೆಕ್ಕೆ ಮಡಚಿತು. ಅವನು ಸುಮ್ಮನೆ ನಿಂತ. ಆಮೇಲೆ ಒಂದೇ ಒಂದು ಕೈ ಎತ್ತಿದ. ಹಕ್ಕಿ ಕುಪ್ಪಳಿಸಿ ತಾರಸಿಯೊಳಗೆ ಇಳಿಯಿತು, ಎರಡು ಹೆಜ್ಜೆ ಓಡಿತು, ನಾಲ್ವರೂ ಒಟ್ಟಿಗೆ ತಾಡಪತ್ರಿ ಬೀಸಿದೆವು. ನಾನು ಕತ್ತನ್ನು ಹುಡುಕಿ ಹಿಡಿದೆ. ಅದು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ನನ್ನ ಎದೆಯ ಮೇಲೆ ಕಕ್ಕಿತು. ರಣಹದ್ದು ಹೆದರಿದರೆ ಮಾಡುವುದೇ ಹಾಗೆ. ಬೆಂಕಿ, ಹೊಗೆ, ಚರಂಡಿ ಎಲ್ಲ ಕಂಡ ನನ್ನ ಮೂಗು ಅಂದು ಸೋತಿತು. ಆದರೆ ಕೈ ಬಿಡಲಿಲ್ಲ.

“ಸಾಹೇಬ್ರ, ಸೆಂಟ್ ಭಾಳ ಘಮ್ ಅಂತೈತಿ” ಎಂದ ಭೀಮಪ್ಪ. ನಾನು ಅವನನ್ನು ಗುರಾಯಿಸಿದೆ. ಅವನು ನಗುತ್ತಿದ್ದ.

ಕೆಳಗೆ, ಉಸುಕಿನ ರಾಶಿಯ ಹತ್ತಿರ, ಕೊಟ್ಟ ಮಾತು ನಡೆಸಿದೆ. ಹಕ್ಕಿಯ ತಲೆಗೆ ಟವೆಲು ಮುಚ್ಚಿ, ಕಾಲನ್ನು ಹೊರಗೆ ತೆಗೆದು ಗಂಡ ಹೆಂಡತಿ ಇಬ್ಬರ ಮುಂದೆ ಹಿಡಿದೆ. ಬೇಟೆಯ ಹದ್ದಿನ ಉಗುರು ಕೊಕ್ಕೆಯಂತೆ ಬಾಗಿ ಚೂಪಾಗಿರುತ್ತದೆ. ಇದರ ಬೆರಳು ಚಪ್ಪಟೆ, ಉಗುರು ಮೊಂಡು. ನಡೆಯುವ ಕಾಲು, ಹಿಡಿಯುವ ಕಾಲಲ್ಲ. ಶಾಂತವ್ವ ಮೊದಲು ಹಿಂಜರಿದಳು. ಆಮೇಲೆ ಬೆರಳಿನಿಂದ ಉಗುರನ್ನು ಒತ್ತಿ ನೋಡಿದಳು.

“ಅಯ್ಯ! ಕೋಳಿ ಕಾಲ್ ಇದ್ದಂಗ ಐತಲ್ರಿ ಇದು!”

“ಎತ್ತುತ್ತದೆಯೇನವ್ವ ನಿನ್ನ ಕೂಸನ್ನು?”

“ಇದೇನ್ ಎತ್ತತೈತ್ರಿ, ಇದನ್ನ ಯಾರಾರ ಎತ್ತಬೇಕು. ಮೈಯಾಗ ಎಲುಬ ಬಿಟ್ರ ಏನೂ ಇಲ್ಲ.” ಗಂಡನ ಕಡೆಗೆ ತಿರುಗಿ, “ಏ, ಇದಕ್ಕ ಸಲಾಕಿ ತಗೊಂಡ್ ಹೋಗಿದ್ಯಾ? ದೊಡ್ ಗಂಡಸು ನೀ!” ಎಂದಳು. ಇಡೀ ಗುಂಪು ಗೊಳ್ಳೆಂದಿತು. ಬೆಳಿಗ್ಗೆಯಿಂದ ಆ ಆವರಣವನ್ನು ಹಿಡಿದಿದ್ದ ಭಯ ಆ ನಗುವಿನೊಂದಿಗೆ ಹೋಯಿತು. ಶೆಟ್ಟರು ಹೋಟೆಲಿನಿಂದ ಎಲ್ಲರಿಗೂ ಚಹಾ ತರಿಸಿದರು, ನನಗೆ ಮಾತ್ರ ಸ್ವಲ್ಪ ದೂರದಿಂದ ಕೊಟ್ಟರು.

ಅರಣ್ಯ ಇಲಾಖೆಯ ಪಶುವೈದ್ಯೆ ಬಂದು ನೋಡಿ, ಇದು ಹಿಮಾಲಯದ ರಣಹದ್ದು, ಇನ್ನೂ ಎಳೆಯದು, ಚಳಿಗಾಲದಲ್ಲಿ ಎಳೆಯವು ಕೆಲವೊಮ್ಮೆ ದಾರಿ ತಪ್ಪಿ ಬಹಳ ದಕ್ಷಿಣಕ್ಕೆ ಬಂದುಬಿಡುತ್ತವೆ ಎಂದರು. ತಿಂಗಳುಗಳಿಂದ ಸರಿಯಾಗಿ ತಿಂದಿರಲಿಕ್ಕಿಲ್ಲ. ಬದುಕುತ್ತದೆಯೇ ಎಂದು ಕೇಳಿದೆ. “ತಿಂದರೆ ಬದುಕುತ್ತದೆ. ಹಾರಿದರೆ ಮಾತ್ರ ಗೆದ್ದಂತೆ” ಎಂದರು.

ಅವರು ಹಕ್ಕಿಯನ್ನು ಒಯ್ದಿಟ್ಟಿದ್ದ ಚಿಕಿತ್ಸಾ ಕೇಂದ್ರಕ್ಕೆ ಸಂದೇಶ್ ರಜೆಯ ದಿನಗಳಲ್ಲೆಲ್ಲ ಹೋಗಿ ಬಂದ. ಒದ್ದೆ ಮಾಡಿದ ತಪ್ಪು ಅವನನ್ನು ಕೊರೆಯುತ್ತಿತ್ತು. ನಾನು ಬೈಯಲಿಲ್ಲ. ಆ ಒದ್ದೆಯಿಂದಲೇ ಹಕ್ಕಿ ಹಾರದೆ ಉಳಿಯಿತು, ಹಾರದೆ ಉಳಿದದ್ದರಿಂದಲೇ ಸಿಕ್ಕಿತು ಎಂದು ಹೇಳಿದೆ. ಜೊತೆಗೆ ಇನ್ನೊಮ್ಮೆ ಹಾಗೆ ಮಾಡಿದರೆ ಹೋಸ್ ಪೈಪು ಸುತ್ತಿಸುತ್ತೇನೆ ಎಂದೂ ಹೇಳಿದೆ.

ಬೇಸಿಗೆಯ ಬಿಸಿಲು ಬಲಿಯುವ ಹೊತ್ತಿಗೆ ವೈದ್ಯೆಯಿಂದ ಫೋನು ಬಂತು. ಬೊರಿವಲಿಯ ಕಾಡಿನ ಒಂದು ಬಂಡೆಯ ಮೇಲಿಂದ ಬಿಡುತ್ತೇವೆ, ಬನ್ನಿ ಎಂದರು. ನಮ್ಮ ಪಾಳಿಯ ಹುಡುಗರು ಬಂದರು. ಶೆಟ್ಟರು ಬಂದರು. ನಾನು ಹೇಳಿಕಳಿಸಿದ್ದಕ್ಕೆ ಭೀಮಪ್ಪನೂ ಶಾಂತವ್ವನೂ ಅರ್ಧ ದಿನದ ಕೆಲಸ ಬಿಟ್ಟು ಮಗುವಿನೊಂದಿಗೆ ಲೋಕಲ್ ಹಿಡಿದು ಬಂದರು. ಬಂಡೆ ಆಗಲೇ ಬಿಸಿಲಿಗೆ ಕಾದು ಬಿಸಿಯಾಗಿತ್ತು.

ಪೆಟ್ಟಿಗೆಯ ಬಾಗಿಲು ತೆರೆದರು. ಹಕ್ಕಿ ಹೊರಗೆ ಬಂತು. ನಿಂತಿತು. ರೆಕ್ಕೆ ಬಿಚ್ಚಲಿಲ್ಲ. ಬಹಳ ಹೊತ್ತು ಹಾಗೆಯೇ ನಿಂತಿತು. ಒಂದು ಸಲ ಕುಪ್ಪಳಿಸಿ ಮತ್ತೆ ಕೂತಿತು. ಶೆಟ್ಟರು, “ಇದಕ್ಕೆ ಚೆಂಬೂರೇ ಇಷ್ಟ ಆಯ್ತು ಅಂತ ಕಾಣ್ತದೆ” ಎಂದರು. ವೈದ್ಯೆ ಮಾತ್ರ ಆಕಾಶ ನೋಡುತ್ತಿದ್ದರು. “ಗಾಳಿ ಮೇಲೇಳಬೇಕು. ಭಾರದ ಹಕ್ಕಿ, ಬಡಿದು ಹಾರುವುದಿಲ್ಲ. ಬಿಸಿ ಗಾಳಿಯನ್ನು ಏರಿ ಹೋಗುತ್ತದೆ. ಕಾಯೋಣ.”

ಕಾಯುವಾಗ ಸಂದೇಶ್ ನನ್ನ ಪಕ್ಕದಲ್ಲಿ ನಿಂತಿದ್ದ. “ಸರ್, ಇದು ಹೋದ್ರೆ, ಇಂಥವು ಎಲ್ಲ ಹೋದ್ರೆ, ನಮ್ಮ ಮೊಮ್ಮಕ್ಕಳು ಕೂಡ ವಿಡಿಯೊ ನೋಡಿ ಎಲ್ಲೋ ಬದುಕಿರಬಹುದು ಅಂತ ಜಗಳ ಮಾಡ್ತಾರೆ ಅಲ್ವಾ?” ಎಂದ. ಅಷ್ಟು ಉದ್ದದ ಕನ್ನಡವನ್ನು ಅವನ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಹೌದು ಎಂದೆ.

ಬಂಡೆಯ ಕೆಳಗಿನಿಂದ ಒಣ ಎಲೆಗಳು ಸುತ್ತುತ್ತ ಮೇಲೆದ್ದವು. ಹಕ್ಕಿ ತಲೆ ಎತ್ತಿತು. ಇಳಿಜಾರಿನಲ್ಲಿ ಭಾರವಾಗಿ, ಅಂದಗೆಟ್ಟು, ಧಪಧಪ ಓಡಿತು. ಅಂಚು ಬಂತು. ಅದು ಅಂಚಿನಾಚೆ ಬಿದ್ದು ಕಾಣೆಯಾಯಿತು. ಸಂದೇಶ್ ಕಣ್ಣು ಮುಚ್ಚಿದ.

“ಅಲ್ಲಿ ಅಲ್ಲಿ!” ಎಂದು ಭೀಮಪ್ಪ ಕೂಗಿದ. ನಮ್ಮ ಕಾಲ ಕೆಳಗಿನಿಂದ ಆ ಎರಡು ರೆಕ್ಕೆಗಳು ಎದ್ದು ಬಂದವು, ಒಮ್ಮೆಯೂ ಬಡಿಯದೆ, ಚಾಚಿದ್ದು ಚಾಚಿದಂತೆಯೇ. ನಮ್ಮ ಮುಖದ ಮಟ್ಟಕ್ಕೆ ಬಂದು, ತಲೆಯ ಮೇಲೆ ಸುತ್ತಿ, ಇನ್ನೊಂದು ಸುತ್ತಿಗೆ ಮರಗಳ ಮೇಲೆ, ಮತ್ತೊಂದು ಸುತ್ತಿಗೆ ಕಾಡಿನಾಚೆಯ ಕಟ್ಟಡಗಳಿಗಿಂತ ಮೇಲೆ ಏರಿತು. ಅಡ್ಡ ಬಂದ ಎರಡು ಹದ್ದುಗಳು ಅದರ ಪಕ್ಕದಲ್ಲಿ ಗುಬ್ಬಿಗಳಂತೆ ಕಂಡವು. ನಮ್ಮ ಹುಡುಗರು ಹೆಲ್ಮೆಟ್ಟುಗಳನ್ನು ಗಾಳಿಗೆ ಎಸೆದರು. ಸರ್ಕಾರಿ ಸಾಮಾನು, ಎಸೆಯಬಾರದು, ನಾನು ತಡೆಯಲಿಲ್ಲ. ಹಕ್ಕಿ ಉತ್ತರದ ಕಡೆಗೆ ಮುಖ ಮಾಡಿತು.

ಶಾಂತವ್ವ ಮಗುವಿನ ಮೇಲಿನ ಸೆರಗು ಸರಿಸಿದಳು. ಕಂಕುಳಿನಿಂದ ತೆಗೆದು ಎರಡೂ ಕೈಯಲ್ಲಿ ತಲೆಯಿಂದ ಮೇಲಕ್ಕೆ ಎತ್ತಿ ಹಿಡಿದಳು.

“ನೋಡೋ, ನೋಡೋ ಕಂದಾ,” ಎಂದಳು, “ನಿನ್ ನೋಡಾಕ ಬಂದಿತ್ತು ಅದು. ಹೊಂಟೈತಿ ನೋಡು, ತಮ್ ಊರಿಗಿ.”